ಮನೆದೇವರು ಬೇರೆ, ದೇವರಮನೆ ಬೇರೆ

ಕಳೆದ ತಿಂಗಳು ಇದೇ ಪುಟದಲ್ಲಿ ಎಸ್ಪೆರಾಂತೊ ಬಗ್ಗೆ ಸಣ್ಣದೊಂದು ಉತ್ತರ ಬರೆದಿದ್ದೆ. ಜಾಮೆನ್‌ಹೋಫ್ ಎಂಬ ಕಣ್ಣಿನ ಡಾಕ್ಟರು ಕೂತು ಕಟ್ಟಿ, 1887ರಲ್ಲಿ ವಾರ್ಸಾದಲ್ಲಿ ಮೊದಲ ಪುಸ್ತಕ ಅಚ್ಚು ಹಾಕಿಸಿದ ಭಾಷೆ ಅದು. ಅಷ್ಟಕ್ಕೆ ಇಷ್ಟು ಕಾಗದ ಬರುತ್ತದೆ ಅಂತ ನಾನು ಎಣಿಸಿರಲಿಲ್ಲ. ಹೆಚ್ಚಿನವರು ಕೇಳಿದ್ದು ಒಂದೇ ವಿಷಯ: ಇಂಥ ಕಟ್ಟಿದ ಭಾಷೆಯಲ್ಲಿ ನಾವೂ ಪದ ಕಟ್ಟಬಹುದಾ? ಹಾಗಾಗಿ ಈ ಸಲ ಪುಟ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಏಳು ಭಾಷೆ ಇರುವ ಊರಲ್ಲಿ ಎಂಟನೆಯದು ಯಾಕೆ ಮಾಷ್ಟ್ರೇ ಅಂತ ಕೇಳಿದವರೂ ಇದ್ದಾರೆ. ಅವರಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಪ್ರಶ್ನೆ: ಮಾಷ್ಟ್ರೇ, ನಾನು ಬದಿಯಡ್ಕದವಳು, ಡಿಗ್ರಿ ಎರಡನೇ ವರ್ಷ. ಮೂರು ವಾರದಿಂದ ಎಸ್ಪೆರಾಂತೊ ಕಲಿಯುತ್ತಿದ್ದೇನೆ. ಎರಡು ಪದ ಸೇರಿಸಿದರೆ ಮೂರನೆಯದು ಹುಟ್ಟುತ್ತದೆ ಅಂತ ಗೊತ್ತಾದ ದಿನ ನಿದ್ದೆ ಬರಲಿಲ್ಲ. ನೋಟ್ ಪುಸ್ತಕದಲ್ಲಿ ಈಗ ನಲವತ್ತು ಪದ ಇವೆ, ಎಲ್ಲ ನಾನೇ ಕಟ್ಟಿದ್ದು. ಆದರೆ ಜೊತೆಗೆ ಅಭ್ಯಾಸ ಮಾಡುವ ಒಬ್ಬರು "ಹೊಸಬರು ಪದ ಕಟ್ಟಬಾರದು, ಮೊದಲು ಇರುವುದನ್ನು ಕಲಿ" ಅಂದುಬಿಟ್ಟರು. ತುಂಬ ಬೇಜಾರಾಯಿತು. ಆ ಭಾಷೆಯ ಸೊಗಸೇ ಅದಲ್ವಾ? ಕೆಲವು ಪದ ಕೆಳಗೆ ಬರೆದಿದ್ದೇನೆ, ನೋಡಿ ಹೇಳಿ.

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ. ಅವರು ಹೇಳಿದ್ದರಲ್ಲಿ ಅರ್ಧ ಸರಿ, ಆದರೆ ಹೇಳಿದ ರೀತಿ ಸರಿ ಇಲ್ಲ.

ಮೊದಲು ನಿಮ್ಮ ಪರ ಮಾತಾಡುತ್ತೇನೆ. ಜಾಮೆನ್‌ಹೋಫ್ ಆ ಮೊದಲ ಪುಸ್ತಕದಲ್ಲಿ ಕೊಟ್ಟದ್ದು ಸುಮಾರು 900 ಬೇರುಪದ, 16 ನಿಯಮ, ಅಷ್ಟೇ. ಅಷ್ಟರಲ್ಲಿ ಲೋಕದ ವ್ಯವಹಾರ ಮಾಡಬೇಕಾದರೆ ಪದ ಕಟ್ಟದೆ ಬೇರೆ ದಾರಿಯೇ ಇಲ್ಲ. ಅವರಿಗೆ ಈ ಯೋಚನೆ ಬಂದದ್ದು ಶಾಲೆಗೆ ಹೋಗುವ ಕಾಲದಲ್ಲಿ, ಬೀದಿಯ ಬೋರ್ಡು ನೋಡಿ. ಒಂದು ಕಡೆ ರಷ್ಯನ್‌ನಲ್ಲಿ "ಶ್ವೇಯ್‌ತ್ಸಾರ್‌ಸ್ಕಾಯಾ" ಅಂತ ಇತ್ತು, ಬಾಗಿಲು ಕಾಯುವವನ ಕೋಣೆ. ಇನ್ನೊಂದು ಕಡೆ "ಕೊಂದಿತೆರ್‌ಸ್ಕಾಯಾ", ಮಿಠಾಯಿ ಅಂಗಡಿ. ಎರಡರಲ್ಲೂ ಬಾಲ ಒಂದೇ. ಬಾಲ ಒಂದು ಕಲಿತರೆ ನೂರು ಪದ ಬಾಯಿಪಾಠ ಮಾಡುವುದು ಉಳಿಯುತ್ತದಲ್ಲ ಅಂತ ಆ ಹುಡುಗನಿಗೆ ಹೊಳೆಯಿತು. ನಮ್ಮ ಕಾಸರಗೋಡು ಪೇಟೆಯಲ್ಲಿ ನಡೆದರೆ ನಿಮಗೂ ಹೊಳೆಯುತ್ತದೆ. ಚಾಯಕ್ಕಡ, ಚೆರುಪ್ಪುಕಡ, ಪಲಚರಕ್ಕುಕಡ. ಮಲಯಾಳ ಓದಲು ಆಗಷ್ಟೇ ಕಲಿತ ಮಗು ಕೂಡ ಮೂರನೇ ಬೋರ್ಡಿಗೆ ಬರುವಾಗ "ಕಡ" ಅಂದರೆ ಅಂಗಡಿ ಅಂತ ಹಿಡಿದುಬಿಡುತ್ತದೆ.

ಎಸ್ಪೆರಾಂತೊದಲ್ಲಿ ಜಾಗಕ್ಕೆ ಇರುವ ಬಾಲ "ಏಯ್". "ಲೆರ್ನಿ" ಅಂದರೆ ಕಲಿಯುವುದು, "ಲೆರ್ನೇಯೊ" ಶಾಲೆ. "ಕುಯಿರಿ" ಅಂದರೆ ಅಡುಗೆ ಮಾಡುವುದು, "ಕುಯಿರೇಯೊ" ಅಡುಗೆಮನೆ. ಈಗ ನಿಮ್ಮ ಪಟ್ಟಿಯ ಮೊದಲ ಪದಕ್ಕೆ ಬನ್ನಿ. ನೀವು ಅಡುಗೆಮನೆಗೆ "ಕುಯಿರ್‌ದೋಮೊ" ಅಂತ ಬರೆದಿದ್ದೀರಿ. ಕುಯಿರ್ ಅಡುಗೆ, ದೋಮೊ ಮನೆ. ಹೇಗೆ ಬಂತು ಅಂತ ನನಗೆ ಕಾಣುತ್ತದೆ. ಕನ್ನಡದಲ್ಲಿ "ಮನೆ" ಅಂದರೆ ಬರೀ ಮನೆಯಲ್ಲ, ಕೋಣೆಯೂ ಹೌದು. ಅಡುಗೆಮನೆ, ಬಚ್ಚಲುಮನೆ, ದೇವರಮನೆ, ಇವೆಲ್ಲ ಒಂದೇ ಸೂರಿನ ಕೆಳಗೆ. ಆದರೆ ದೋಮೊ ಅಂದರೆ ಪೂರ್ತಿ ಮನೆ, ಗೋಡೆ ಮಾಡು ಸಮೇತ. ನಿಮ್ಮ ಕುಯಿರ್‌ದೋಮೊ ಓದಿದವನಿಗೆ ಅಂಗಳದಾಚೆ ಬೇರೆಯೇ ಕಟ್ಟಿಸಿದ ಒಂದು ಅಡುಗೆಯ ಕಟ್ಟಡ ಕಣ್ಣೆದುರು ಬರುತ್ತದೆ. ದೇವರಮನೆಗೆ ನೀವು ಕಟ್ಟಿದ "ದೀದೋಮೊ" ಕೂಡ ಹಾಗೆಯೇ. ಓದಿದವನು ದೇವಸ್ಥಾನ ಅಂದುಕೊಳ್ಳುತ್ತಾನೆ. ಪ್ರಾರ್ಥನೆಯ ಕೋಣೆ ಅನ್ನುವ ಅರ್ಥದಲ್ಲಿ "ಪ್ರೆಜ್‌ಚಾಂಬ್ರೊ" ಅನ್ನಿ, ಯಾರಿಗಾದರೂ ತಿಳಿಯುತ್ತದೆ.

ಹೊಸಬರು ಎಡವುವುದು ಇಲ್ಲೇ. ಪದ ಕಟ್ಟಿದ್ದು ತಪ್ಪಲ್ಲ. ವಸ್ತುವನ್ನು ನೋಡಿ ಕಟ್ಟುವ ಬದಲು, ತಲೆಯಲ್ಲಿ ಮೊದಲೇ ಕೂತಿರುವ ಕನ್ನಡ ಪದವನ್ನು ಒಡೆದು ತುಂಡು ತುಂಡಾಗಿ ಸಾಗಿಸುತ್ತೀರಲ್ಲ, ಅದು ತಪ್ಪು.

ಇದನ್ನು ನಾನು ಹೇಳುವುದು ಸ್ವಂತ ಅನುಭವದಿಂದ. ಕಲಿಯಲು ಶುರು ಮಾಡಿದ ವರ್ಷ ಜಪಾನಿನ ಒಬ್ಬರಿಗೆ ಎಸ್ಪೆರಾಂತೊದಲ್ಲಿ ಕಾಗದ ಬರೆಯುತ್ತಿದ್ದೆ. ಒಂದು ಸಲ ಜೋರು ಮಳೆಗಾಲ, ಕರೆಂಟಿಲ್ಲ, ಮನೆಯಲ್ಲಿ ನೀರುಳ್ಳಿ ಬಜೆ ಕರಿದಿದ್ದರು. ಅದನ್ನೇ ವರ್ಣಿಸಿ ಬರೆದೆ. ನೀರುಳ್ಳಿಗೆ ಏನನ್ನುತ್ತಾರೆ ಗೊತ್ತಿರಲಿಲ್ಲ, ನಿಘಂಟು ತೆಗೆಯಲು ಸೋಮಾರಿತನ. ನೀರು ಅಂದರೆ "ಆಕ್ವೊ". ಉಳ್ಳಿ ಅಂದರೆ "ತ್ಸೇಪೊ" ಅಂತ ಎಲ್ಲೋ ಓದಿದ ನೆನಪಿತ್ತು. ಸೇರಿಸಿದೆ: "ಆಕ್ವೊತ್ಸೇಪೊ". ನನ್ನ ಬುದ್ಧಿಗೆ ನಾನೇ ಮೆಚ್ಚಿ ಅಂಚೆಗೆ ಹಾಕಿದೆ. ಮೂರು ವಾರ ಕಳೆದು ಉತ್ತರ ಬಂತು. ನೀರಿನಲ್ಲಿ ಬೆಳೆಯುವ ಆ ಗೆಡ್ಡೆಯ ಬಗ್ಗೆ ಓದಿ ತುಂಬ ಸಂತೋಷವಾಯಿತು, ನಮ್ಮಲ್ಲೂ ತಾವರೆಯ ಬೇರು ಕರಿದು ತಿನ್ನುತ್ತೇವೆ, ನಿಮ್ಮದು ಯಾವ ಜಾತಿ, ಕೆರೆಯಲ್ಲಿ ಬೆಳೆಸುತ್ತೀರಾ ಗದ್ದೆಯಲ್ಲಾ, ಅಂತ ಎರಡು ಪುಟ. ಜೊತೆಗೆ ತಾವರೆ ಬೇರಿನ ಒಂದು ಚಿತ್ರ ಬೇರೆ. ತ್ಸೇಪೊ ಅಂದರೆ ಬರೀ ನೀರುಳ್ಳಿಯೇ, ಅದಕ್ಕೆ ನೀರು ಹಾಕುವ ಅಗತ್ಯವೇ ಇರಲಿಲ್ಲ. ಬೆಳ್ಳುಳ್ಳಿಗೆ ಅಲ್ಲಿ "ಆಯ್ಲೊ" ಅಂತ ಬೇರೆಯೇ ಪದ ಇದೆ. ಉಳ್ಳಿಯ ಜಾತಿಯಲ್ಲಿ ನೀರಿನದೊಂದು ಬಿಳಿಯದೊಂದು ಅಂತ ವಿಂಗಡಿಸಿದ್ದು ನಮ್ಮ ಹಿರಿಯರು, ಜಾಮೆನ್‌ಹೋಫ್ ಅಲ್ಲ.

ಲೋಜ್‌ಬಾನ್ ಅಂತ ಇನ್ನೊಂದು ಕಟ್ಟಿದ ಭಾಷೆ ಇದೆ, 1987ರಲ್ಲಿ ಶುರುವಾದದ್ದು, ತರ್ಕದ ಮೇಲೆ ನಿಂತದ್ದು. ಅದನ್ನು ಕಲಿಯುವವರಲ್ಲಿ ಇಂಗ್ಲಿಷಿನವರು ಜಾಸ್ತಿ. ಇಂಗ್ಲಿಷಿನ ನುಡಿಗಟ್ಟನ್ನು ಹಾಗೆಯೇ ಲೋಜ್‌ಬಾನಿಗೆ ಇಳಿಸಿ ಪದ ಕಟ್ಟುವ ಚಾಳಿಗೆ ಅವರೇ ಒಂದು ಬೈಗುಳ ಕಟ್ಟಿಕೊಂಡಿದ್ದಾರೆ: "ಮಲ್‌ಗ್ಲಿಶೊ". ಹಾಳು ಇಂಗ್ಲಿಷು ಅಂತ ಅರ್ಥ. ನನ್ನ ನೀರುಳ್ಳಿ ಹಾಳು ಕನ್ನಡ.

ಇನ್ನು ಪದಗಳ ಸಾಲು. ಎಸ್ಪೆರಾಂತೊದ 16 ನಿಯಮದಲ್ಲಿ ಹನ್ನೊಂದನೆಯದು ಹೇಳುವುದು ಇಷ್ಟೇ: ಪದಗಳನ್ನು ಸೇರಿಸಿ, ಮುಖ್ಯವಾದದ್ದು ಕೊನೆಗೆ ಬರಲಿ. ಕನ್ನಡಿಗರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮನೆದೇವರು ಅಂದರೆ ಕುಲದ ದೇವರು, ದೇವರಮನೆ ಅಂದರೆ ಪೂಜೆಯ ಕೋಣೆ. ಅಲ್ಲಿಯೂ "ಬಿರ್ದೊಕಾಂತೊ" ಹಕ್ಕಿಯ ಹಾಡು, "ಕಾಂತೊಬಿರ್ದೊ" ಹಾಡುವ ಹಕ್ಕಿ. ನೀವು ಕಳಿಸಿದ ಪದಗಳಲ್ಲಿ ಎಲ್ಲೂ ಇದನ್ನು ತಪ್ಪಿಲ್ಲ. ಇಂಗ್ಲಿಷಿನಿಂದ ಯೋಚಿಸುವವರು ಕೂಡ ಹೆಚ್ಚು ತಪ್ಪುವುದಿಲ್ಲ, ಫ್ರೆಂಚಿನವರಿಗೆ ಸ್ವಲ್ಪ ಕಷ್ಟ.

ಊಟದ ಎಲೆಗೆ ನೀವು ಕಟ್ಟಿದ "ಮಾಂಜ್‌ಫೊಲೀಯೊ" ಸಾಲು ಸರಿ, ಅರ್ಥ ಕೈಕೊಡುತ್ತದೆ. "ಮಾಂಜ್" ಅಂದರೆ ತಿನ್ನುವುದು, "ಫೊಲೀಯೊ" ಎಲೆ. ಆದರೆ ತಿನ್ನುವ ಎಲೆಯೋ, ಎಲೆಯಲ್ಲಿ ತಿನ್ನುವುದೋ? ಬಸಳೆ ಸೊಪ್ಪು ಅಂದುಕೊಂಡರೂ ತಪ್ಪಿಲ್ಲ. ಅದಲ್ಲದೆ ಫೊಲೀಯೊ ಅಂದರೆ ಕಾಗದದ ಹಾಳೆಯೂ ಹೌದು, ಹಾಗಾಗಿ ಹೋಟೆಲಿನ ತಿಂಡಿಪಟ್ಟಿ ಅಂತ ಯಾರಾದರೂ ಹೇಳಿದರೂ ಜಗಳ ಮಾಡುವ ಹಾಗಿಲ್ಲ. ಬಾಳೆಎಲೆಗೆ "ಬನಾನ್‌ಫೊಲೀಯೊ" ಅಂತ ಬರೆದಿದ್ದೀರಲ್ಲ, ಅದು ಸಾಕು. ಅದರಲ್ಲಿ ಉಣ್ಣುತ್ತೇವೆ ಅಂತ ಇನ್ನೊಂದು ವಾಕ್ಯದಲ್ಲಿ ಹೇಳಿ. ಎಲ್ಲವನ್ನೂ ಒಂದೇ ಪದದೊಳಗೆ ತುರುಕಬೇಕು ಅಂತ ಯಾರೂ ಹೇಳಿಲ್ಲ. ಇದು ಇನ್ನೊಂದು ಚಾಳಿ. ಕನ್ನಡದಲ್ಲಿ ಒಂದು ಪದ ಇದೆ, ಆದ್ದರಿಂದ ಅಲ್ಲಿಯೂ ಒಂದೇ ಪದ ಇರಬೇಕು ಅನ್ನುವ ಹಟ. ನಾಲ್ಕು ಪದದಲ್ಲಿ ಬಿಡಿಸಿ ಹೇಳಿದರೆ ಸೋತ ಹಾಗಲ್ಲ.

ರಾತ್ರಿಗೆ "ಮಲ್‌ತಾಗೊ" ಅಂತ ಬರೆದದ್ದನ್ನು ಮಾತ್ರ ಹೊಡೆದುಹಾಕಿ. "ತಾಗೊ" ಹಗಲು, "ಮಲ್" ಉಲ್ಟಾ ಮಾಡುತ್ತದೆ, ಒಪ್ಪಿದೆ. "ಬೋನಾ" ಒಳ್ಳೆಯದು, "ಮಲ್‌ಬೋನಾ" ಕೆಟ್ಟದ್ದು. "ಫೆರ್ಮಿ" ಮುಚ್ಚು, "ಮಲ್‌ಫೆರ್ಮಿ" ತೆರೆ. ಹಾಗಂತ ಎಲ್ಲದಕ್ಕೂ ಅಂಟಿಸಿದರೆ ನಾಯಿಯ ಉಲ್ಟಾ ಬೆಕ್ಕು ಅಂದ ಹಾಗಾಗುತ್ತದೆ. ರಾತ್ರಿಗೆ "ನೋಕ್ತೊ" ಅಂತ ಸುಮ್ನೆ ಒಂದು ಪದ ಇದೆ.

ಸಂತೋಷದ ಸುದ್ದಿಯೂ ಒಂದಿದೆ. ಮಳೆಗೆ ಹಿಡಿಯುವ ಕೊಡೆಗೆ ನೀವೇ ಯೋಚಿಸಿ ಕಟ್ಟಿದ "ಪ್ಲುವೊಂಬ್ರೇಲೊ" ನಿಘಂಟಿನಲ್ಲಿ ಮೊದಲೇ ಇದೆ. ಅಕ್ಷರ ವ್ಯತ್ಯಾಸ ಇಲ್ಲ. ನಿಮಗೆ ಇದು ನಿರಾಸೆ ಅನಿಸಬಹುದು, ನನಗೆ ಹಾಗನಿಸುವುದಿಲ್ಲ. ನೀವು ಯಾರಿಂದಲೂ ಕೇಳದೆ ಬೇರೆಯವರು ತಲುಪಿದ ಜಾಗಕ್ಕೇ ತಲುಪಿದ್ದೀರಿ. ಹಾಗಾಗಿ ಆ ನೋಟ್ ಪುಸ್ತಕ ಬಿಸಾಡಬೇಡಿ. ಪ್ರತಿ ಪದದ ಪಕ್ಕ ಒಂದು ಗೆರೆ ಎಳೆದು, ಇದಕ್ಕೆ ಅವರು ಏನನ್ನುತ್ತಾರೆ ಅಂತ ನೋಡಿ ಬರೆಯುತ್ತಾ ಹೋಗಿ. ಆಮೇಲೆ ನಿಘಂಟಿನಲ್ಲಿ ಸಿಗದೆ ಉಳಿದ ಪದಗಳನ್ನು ಅರ್ಥ ಹೇಳದೆ ಒಬ್ಬರ ಮುಂದೆ ಇಡಿ. ಅವರಿಗೇ ಹೊಳೆದರೆ ಪದ ಬದುಕುತ್ತದೆ. ನೀವು ವಿವರಿಸಬೇಕಾಗಿ ಬಂದರೆ ಅದು ಒಗಟು.

ಪ್ರಶ್ನೆ: ನಾನು ಮಂಜೇಶ್ವರದವನು, ನಿವೃತ್ತ ಕನ್ನಡ ಪಂಡಿತ. ನೀವು ಹೊಗಳುವ ಈ ಭಾಷೆಯಲ್ಲಿ ಲ್ಯಾಟಿನಿನ ಒಂದು ತುಂಡು, ಜರ್ಮನಿನ ಒಂದು ತುಂಡು ಸೇರಿಸಿ ಪದ ಮಾಡುತ್ತಾರಂತೆ. ನಮ್ಮಲ್ಲಿ ಇದಕ್ಕೆ ಅರಿಸಮಾಸ ಅಂತ ಹೆಸರಿಟ್ಟು ದೋಷ ಅಂದಿದ್ದಾರೆ. ತಮ್ಮ ಅಭಿಪ್ರಾಯ?

ಉತ್ತರ: ಗೋವಿಂದ ಪೈಗಳ ಊರಿನಿಂದ ಬಂದ ಪ್ರಶ್ನೆ, ಉದಾಸೀನ ಮಾಡುವ ಹಾಗಿಲ್ಲ. ಉಳಿದ ಓದುಗರಿಗೆ ಹೇಳುವುದಾದರೆ, ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಿ ಸಮಾಸ ಮಾಡಿದರೆ ಅದು ಅರಿಸಮಾಸ. ಅರಿ ಅಂದರೆ ಶತ್ರು. ಒಂದೇ ಮನೆಯಲ್ಲಿ ಕೂರಿಸಿದ ಇಬ್ಬರು ಶತ್ರುಗಳು. ಒಂಬತ್ತನೇ ಶತಮಾನದ ಕವಿರಾಜಮಾರ್ಗದಲ್ಲಿಯೇ ಇದನ್ನು ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿಟ್ಟಂತೆ ಅಂತ ಹೇಳಿದೆ. ಹದಿಮೂರನೇ ಶತಮಾನದ ಕೇಶಿರಾಜನೂ ಬೇಡ ಅಂದ. ಹಾಗಂತ ಬಿರುದುಗಳಲ್ಲಿ ನಡೆಯುತ್ತದೆ, ಕ್ರಿಯಾಸಮಾಸಕ್ಕೂ ಗಮಕಸಮಾಸಕ್ಕೂ ಈ ದೋಷ ಇಲ್ಲ ಅಂತ ಬಾಗಿಲು ಸ್ವಲ್ಪ ತೆರೆದೇ ಇಟ್ಟಿದ್ದಾರೆ. ನಿಮಗೆ ಇದನ್ನು ಹೇಳುವುದು ಅಧಿಕಪ್ರಸಂಗ, ಕ್ಷಮಿಸಿ.

ಎಸ್ಪೆರಾಂತೊದ ಅತಿ ಹಳೆಯ ಉದಾಹರಣೆ, ಹನ್ನೊಂದನೇ ನಿಯಮದ ಪಕ್ಕದಲ್ಲೇ ಇರುವುದು, "ವಪೋರ್‌ಶೀಪೊ". ವಪೋರ್ ಅಂದರೆ ಹಬೆ, ಲ್ಯಾಟಿನ್ ಕಡೆಯದು. ಶೀಪೊ ಅಂದರೆ ಹಡಗು, ಇಂಗ್ಲಿಷ್ ಜರ್ಮನ್ ಕಡೆಯದು. ಅಂದರೆ ಶುದ್ಧ ಅರಿಸಮಾಸ. ಆದರೆ ಅಲ್ಲಿ ಒಳಗೆ ಬಂದ ಮೇಲೆ ಯಾವ ಬೇರುಪದಕ್ಕೂ ಹಳೆಯ ಜಾತಿ ಇಲ್ಲ. ಎಲ್ಲಕ್ಕೂ ಒಂದೇ ಬಾಲ, ಒಂದೇ ನಿಯಮ.

ನನ್ನ ಅಭಿಪ್ರಾಯ ಕೇಳಿದಿರಿ, ಹೇಳುತ್ತೇನೆ. ಮಳೆ ಬಿಡದೆ ಸುರಿದ ವರ್ಷ ನಮ್ಮ ತೋಟಗಳಿಗೆ ಏನು ಬರುತ್ತದೆ? ಕೊಳೆರೋಗ. ಕೊಳೆ ಕನ್ನಡ, ರೋಗ ಸಂಸ್ಕೃತ. ಆಷಾಢದಲ್ಲಿ ಮದ್ದು ಬಿಡಲು ಜನ ಸಿಗದೆ ಕಂಗಾಲಾದ ಯಾವ ಕೃಷಿಕನೂ ಈ ಸಮಾಸದಲ್ಲಿ ದೋಷ ಹುಡುಕಿದ್ದನ್ನು ನಾನು ನೋಡಿಲ್ಲ. ಹಾಲು ಮಜ್ಜಿಗೆಯ ಹೋಲಿಕೆ ಕಿವಿಯ ಬಗ್ಗೆ ಹೇಳಿದ್ದು ಅಂತ ನಾನು ತಿಳಿದುಕೊಂಡಿದ್ದೇನೆ, ರಕ್ತದ ಬಗ್ಗೆ ಅಲ್ಲ. ಕೇಳಲು ಒಡೆದರೆ ಒಡೆಯಿತು, ಇಲ್ಲವಾದರೆ ಮೊಸರೇ ಆಯಿತು.

ಕಿವಿಯ ಮಾತು ಬಂದದ್ದಕ್ಕೆ ಒಂದು ವಿಷಯ. ಕನ್ನಡದಲ್ಲಿ ಸಮಾಸವಾಗುವಾಗ ನಾವು ಅಕ್ಷರವನ್ನೇ ಮೆತ್ತಗೆ ಮಾಡುತ್ತೇವೆ. ಮನೆ ಸೇರಿ ಕೆಲಸ "ಮನೆಗೆಲಸ", ಬೆಟ್ಟ ಸೇರಿ ತಾವರೆ "ಬೆಟ್ಟದಾವರೆ". ಆ ಗಕಾರ ದಕಾರ ಕೇಳಿದ ಕೂಡಲೇ ಇವೆರಡೂ ಈಗ ಒಂದೇ ಅಂತ ಗೊತ್ತಾಗುತ್ತದೆ. ಎಸ್ಪೆರಾಂತೊದಲ್ಲಿ ಬೇರುಪದವನ್ನು ಮುಟ್ಟುವ ಹಾಗಿಲ್ಲ, ಎಲ್ಲಿ ಇಟ್ಟರೂ ಅದೇ ರೂಪ. ನಾಲಗೆ ತೊಡರಿದರೆ ನಡುವೆ ಒಂದು "ಒ" ಇಡಬಹುದು, ಅಷ್ಟೇ. ಬರೆಯುವ ಮೇಜು "ಸ್ಕ್ರೀಬೊತಾಬ್ಲೊ". ಕಲಿಯಲು ಸುಲಭ, ಒಪ್ಪುತ್ತೇನೆ. ಆದರೆ ಮನೆಗೆಲಸ ಅನ್ನುವಾಗ ಸಿಗುವ ಸುಖ ಅಲ್ಲಿ ಸಿಗುವುದಿಲ್ಲ. ಇದು ನನ್ನ ಪಕ್ಷಪಾತ ಇರಬಹುದು.

ಪ್ರಶ್ನೆ: ಸರ್, ನಾವು ಉಪ್ಪಳದಲ್ಲಿರುವುದು. ಮಗ ಒಂಬತ್ತನೇ ಕ್ಲಾಸು. ತನ್ನದೇ ಒಂದು ಭಾಷೆ ಕಟ್ಟುತ್ತಿದ್ದಾನೆ, ನೂರು ಪದ ಸಾಕಂತೆ. ಚಾ, ಕಾಫಿ, ಗಂಜಿತಿಳಿ ಎಲ್ಲದಕ್ಕೂ ಅವನ ಭಾಷೆಯಲ್ಲಿ "ಬಿಸಿನೀರು". ಬೆಳಿಗ್ಗೆ ಏನು ಬೇಕು ಅಂತ ಕೇಳಿದರೆ ಆ ಪದ ಹೇಳುತ್ತಾನೆ, ನನಗೆ ತಲೆ ಬುಡ ಅರ್ಥವಾಗುವುದಿಲ್ಲ. ಇದರಿಂದ ಓದು ಹಾಳಾದೀತಾ?

ಉತ್ತರ: ಓದಿನ ಬಗ್ಗೆ ಹೆದರಬೇಡಿ ಅಮ್ಮಾ. ವ್ಯಾಕರಣದಲ್ಲಿ ತತ್ಪುರುಷ ಕರ್ಮಧಾರಯ ಬರುವಾಗ ಅವನು ಉಳಿದವರಿಗಿಂತ ಮುಂದೆ ಇರುತ್ತಾನೆ. ಬೆಳಗ್ಗಿನ ಚಾದ ಸಮಸ್ಯೆ ಮಾತ್ರ ನಿಜವಾದ ಸಮಸ್ಯೆ.

ಅವನು ಮಾಡುತ್ತಿರುವುದನ್ನು ಕೆನಡಾದ ಸೋನ್ಯಾ ಲಾಂಗ್ 2001ರಲ್ಲಿಯೇ ಮಾಡಿದ್ದಾರೆ. ಆ ಭಾಷೆಯ ಹೆಸರು ತೋಕಿ ಪೋನಾ. 2014ರಲ್ಲಿ ಅವರು ತಂದ ಪುಸ್ತಕದಲ್ಲಿ ಇದ್ದದ್ದು 120 ಪದ. ಅಲ್ಲಿ "ತೇಲೊ" ಅಂದರೆ ನೀರು, ಸಾರು, ರಸ, ದ್ರವವಾದದ್ದು ಏನಾದರೂ. "ಸೇಲಿ" ಅಂದರೆ ಬೆಂಕಿ, ಬಿಸಿ. "ತೇಲೊ ಸೇಲಿ" ಅಂದರೆ ನಿಮ್ಮ ಮಗನ ಬಿಸಿನೀರೇ. ಆದರೆ ಆ ಭಾಷೆ ಬಲ್ಲವರು ಅದನ್ನು ಚಾಕ್ಕೆ ಗುರುತು ಹಾಕಿದ ಪದ ಅಂತ ಇಟ್ಟುಕೊಳ್ಳುವುದಿಲ್ಲ. ಎದುರಿಗೆ ಏನಿದೆ, ಯಾರ ಹತ್ತಿರ ಮಾತಾಡುತ್ತಿದ್ದೇನೆ, ಅದನ್ನು ನೋಡಿ ಆ ಹೊತ್ತಿಗೆ ಬೇಕಾದಷ್ಟು ಸೇರಿಸುತ್ತಾರೆ. ಕಾಫಿಗೆ ಕಪ್ಪು ಗಟ್ಟಿ ನೀರು ಅಂದಾರು. ನಿಮ್ಮ ಮಗನಿಗೆ ಹೇಳಿ: ಒಬ್ಬನೇ ಇರುವಾಗ "ಬಿಸಿನೀರು" ಸಾಕು, ಅಮ್ಮನ ಹತ್ತಿರ ಕೇಳುವಾಗ "ಎಲೆಯ ಬಿಸಿನೀರು" ಅಥವಾ "ಅನ್ನದ ಬಿಸಿನೀರು" ಅನ್ನಬೇಕು. ಅನ್ನದೆ ಇದ್ದರೆ ಮೂರು ದಿನ ಗಂಜಿತಿಳಿಯನ್ನೇ ಕೊಡಿ. ಭಾಷೆ ತಾನಾಗಿ ಸುಧಾರಿಸುತ್ತದೆ.

ಅವನಿಗೆ ಇನ್ನೊಂದು ಕೆಲಸ ಕೊಡಿ, ಮೂರು ಪದ ಸೇರಿಸುವುದು. ಎರಡು ಸೇರಿಸುವುದು ಎಲ್ಲರಿಗೂ ಬರುತ್ತದೆ, ಮೂರನೆಯದು ಬಂದಾಗ ಗಲಾಟೆ. ತೋಕಿ ಪೋನಾದಲ್ಲಿ ಮುಖ್ಯ ಪದ ಮೊದಲು ಬರುತ್ತದೆ, ನಮಗೆ ಉಲ್ಟಾ. "ತೋಮೊ" ಅಂದರೆ ಮನೆಯೂ ಹೌದು ಕೋಣೆಯೂ ಹೌದು, ನಮ್ಮ "ಮನೆ" ಹಾಗೆ. "ತೋಮೊ ತೇಲೊ" ಅಂದರೆ ಬಚ್ಚಲುಮನೆ. "ನಾಸಾ" ಅಂದರೆ ವಿಚಿತ್ರ, ತಲೆಕೆಟ್ಟ. "ತೇಲೊ ನಾಸಾ" ತಲೆಕೆಡಿಸುವ ನೀರು, ಅಂದರೆ ಮದ್ಯ. ಈಗ "ತೋಮೊ ತೇಲೊ ನಾಸಾ" ಅಂದರೆ? ಹೆಂಡದಂಗಡಿ ಅಂತ ಹೊಸಬರೆಲ್ಲ ಹೇಳುತ್ತಾರೆ. ಅಲ್ಲ, ವಿಚಿತ್ರವಾದ ಬಚ್ಚಲುಮನೆ! ಒಂದೊಂದೇ ಪದ ಹಿಂದಿನ ಪೂರ್ತಿ ಗಂಟಿಗೆ ಅಂಟುತ್ತಾ ಹೋಗುತ್ತದೆ. ಹೆಂಡದಂಗಡಿ ಬೇಕಾದರೆ ನಡುವೆ "ಪಿ" ಅಂತ ಒಂದು ಇಟ್ಟು, "ತೋಮೊ ಪಿ ತೇಲೊ ನಾಸಾ", ಕೊನೆಯ ಎರಡನ್ನು ಮೊದಲು ಒಟ್ಟಿಗೆ ಕಟ್ಟಬೇಕು. ಕನ್ನಡದಲ್ಲಿ ನಮಗೆ ಆ "ಪಿ" ಇಲ್ಲ. ಹಳೆ ಪುಸ್ತಕದ ಅಂಗಡಿ ಅಂದರೆ ಪುಸ್ತಕ ಹಳೆಯದೋ, ಅಂಗಡಿ ಹಳೆಯದೋ? ನಿಮ್ಮ ಮಗನ ಭಾಷೆಯಲ್ಲಿ ಇದಕ್ಕೆ ಏನು ವ್ಯವಸ್ಥೆ ಮಾಡಿದ್ದಾನೆ ಅಂತ ಕೇಳಿ ನನಗೆ ಬರೆದು ತಿಳಿಸಿ.

ಪ್ರಶ್ನೆ: ಹೊಸ ಪದಕ್ಕೆ ಒಪ್ಪಿಗೆ ಕೊಡುವವರು ಯಾರು? ಅರ್ಜಿ ಹಾಕಬೇಕಾ? (ನೀರ್ಚಾಲಿನಿಂದ)

ಉತ್ತರ: ಒಂದೊಂದು ಭಾಷೆಗೆ ಒಂದೊಂದು ಕ್ರಮ. ಸ್ಟಾರ್ ಟ್ರೆಕ್ ಸಿನಿಮಾಗಳ ಕ್ಲಿಂಗಾನ್ ಭಾಷೆ ಕಲಿತವರು ಹೊಸ ಪದಕ್ಕೆ ಅದನ್ನು ಕಟ್ಟಿದ ಮಾರ್ಕ್ ಓಕ್ರಾಂಡ್ ಬಾಯಿ ತೆರೆಯಲಿ ಅಂತ ಕಾಯುತ್ತಾರೆ. ಎಸ್ಪೆರಾಂತೊಗೆ ಒಂದು ಅಕಾಡೆಮಿ ಇದೆ, ಆದರೆ ಇದ್ದ ಬೇರುಪದಗಳನ್ನು ಸೇರಿಸಲು ಅದರ ಅಪ್ಪಣೆ ಬೇಡ. ಅರ್ಜಿ, ಸ್ಟಾಂಪು, ವಿಲೇಜ್ ಆಫೀಸು ಯಾವುದೂ ಇಲ್ಲ. ಜನ ಬಳಸಿದರೆ ಉಳಿಯಿತು.

ಪ್ರಶ್ನೆ: ಕುಂಬಳೆ ಸ್ಟೇಶನ್ ಹತ್ತಿರ ನನ್ನ ಅಂಗಡಿ. ಮಲಯಾಳದಲ್ಲಿ ರೈಲಿಗೆ ತೀವಂಡಿ ಅನ್ನುತ್ತಾರೆ, ಬೆಂಕಿಯ ಬಂಡಿ. ಈಗ ಕರೆಂಟಿನಲ್ಲಿ ಓಡುವ ರೈಲಿಗೆ ಬೆಂಕಿ ಎಲ್ಲಿಂದ? ಪದ ತಪ್ಪಾಯಿತಲ್ಲ. ಕಟ್ಟಿದ ಭಾಷೆಯಲ್ಲಿ ಇಂಥದನ್ನು ಸರಿಪಡಿಸುತ್ತಾರಾ?

ಉತ್ತರ: ನಿಮ್ಮ ಅಂಗಡಿಯಲ್ಲಿ ಬೆಂಕಿಪೆಟ್ಟಿಗೆ ಮಾರುತ್ತೀರಲ್ಲ, ಅದರಲ್ಲಿ ಬೆಂಕಿ ಇದೆಯಾ? ಇದ್ದರೆ ಅಂಗಡಿ ಉಳಿಯುತ್ತಿರಲಿಲ್ಲ. ಮಲಯಾಳದಲ್ಲೂ ಅದು ತೀಪ್ಪೆಟ್ಟಿ. ಪದ ಹುಟ್ಟುವ ದಿನ ಮಾತ್ರ ತುಂಡುಗಳ ಅರ್ಥ ಮುಖ್ಯ. ಮುಂದೆ ಬಾಯಿಂದ ಬಾಯಿಗೆ ಹೋದ ಹಾಗೆ ತುಂಡು ಮರೆತುಹೋಗಿ ವಸ್ತು ಮಾತ್ರ ಉಳಿಯುತ್ತದೆ. ತೀವಂಡಿ ಬಂತು ಅಂದಾಗ ಕುಂಬಳೆಯಲ್ಲಿ ಯಾರೂ ಹೊಗೆ ಹುಡುಕುವುದಿಲ್ಲ.

ಎಸ್ಪೆರಾಂತೊದಲ್ಲೂ ಸರಿಪಡಿಸುವುದಿಲ್ಲ. ಕಂಪ್ಯೂಟರಿಗೆ ಅವರು "ಕೊಂಪುತೀಲೊ" ಅನ್ನುತ್ತಾರೆ, ಲೆಕ್ಕ ಮಾಡುವ ಸಾಧನ. ಅದರಲ್ಲಿ ಲೆಕ್ಕ ಮಾಡುವವರಿಗಿಂತ ಸಿನಿಮಾ ನೋಡುವವರು ಜಾಸ್ತಿ, ಆದರೂ ಹೆಸರು ಅದೇ. ಮೊಬೈಲಿಗೆ "ಪೋಶ್‌ತೆಲೆಫೋನೊ", ಕಿಸೆಯ ಫೋನು. ಈಗ ಬರುವ ಮೊಬೈಲು ಕೆಲವು ಕಿಸೆಗೆ ಹಿಡಿಯುವುದೇ ಇಲ್ಲ. ನಮ್ಮಲ್ಲಿ ಮೊಬೈಲಿಗೆ ಜಂಗಮವಾಣಿ ಅಂತ ಕಟ್ಟಿದರು, ತಮಾಷೆಗೆ ಮಾತ್ರ ಉಳಿಯಿತು. ಆದರೆ ಜಾಲತಾಣ ಉಳಿಯಿತು. ಗಮ್ಮತ್ತು ಅಂದರೆ ಎಸ್ಪೆರಾಂತೊದವರು ಅದಕ್ಕೆ "ರೆತೇಯೊ" ಅನ್ನುತ್ತಾರೆ. "ರೆತೊ" ಅಂದರೆ ಜಾಲ, "ಏಯ್" ನಾನು ಮೇಲೆ ಹೇಳಿದ ಜಾಗದ ಬಾಲ. ಜಾಲ, ತಾಣ. ಒಂದೊಂದು ತುಂಡೂ ನಮ್ಮದಕ್ಕೆ ಸರಿಯಾಗಿ ಹೊಂದುತ್ತದೆ. ಬದಿಯಡ್ಕದ ಹುಡುಗಿಯ ಕೊಡೆಯ ಹಾಗೆ.

ಪ್ರಶ್ನೆ: ಮಾಷ್ಟ್ರೇ, ಕಳೆದ ಸಂಚಿಕೆಯಲ್ಲಿ ನಿಮ್ಮ ಜೊತೆ ಎಸ್ಪೆರಾಂತೊ ಕಲಿತ ಒಬ್ಬರನ್ನು "ಕೊಲೇಗೊ" ಅಂತ ಬರೆದಿದ್ದಿರಿ. ನಾನು ಪದ ಒಡೆದು ನೋಡಿದೆ. "ಕೋಲೊ" ಅಂದರೆ ಕತ್ತು, "ಏಗ್" ಅಂದರೆ ದೊಡ್ಡದು. ದೊಡ್ಡ ಕತ್ತು! ಪಾಪ, ಅವರಿಗೆ ಬೇಸರವಾಗಲಿಲ್ವಾ? (ಪೆರ್ಲದಿಂದ)

ಉತ್ತರ: ಅದು ಒಡೆಯುವ ಪದವಲ್ಲ. "ಕೊಲೇಗ್" ಅಂತ ಪೂರ್ತಿ ಒಂದು ಬೇರು, ಸಹೋದ್ಯೋಗಿ ಅಂತ ಅರ್ಥ. ಆದರೆ ನೀವು ಒಡೆದ ರೀತಿಯಲ್ಲಿ ತಪ್ಪೇನಿಲ್ಲ, ನಿಯಮದ ಪ್ರಕಾರ ದೊಡ್ಡ ಕತ್ತೂ ಆಗುತ್ತದೆ. ಎಸ್ಪೆರಾಂತೊದವರು ಇದನ್ನೇ ಆಟ ಮಾಡಿಕೊಂಡಿದ್ದಾರೆ. "ಬನಾನೊ" ಬಾಳೆಹಣ್ಣು. ಆದರೆ "ಬಾನ್" ಸ್ನಾನ, "ಆನ್" ಸದಸ್ಯ ಅಂತ ಒಡೆದರೆ ಸ್ನಾನದ ಸಂಘದ ಮೆಂಬರು. "ದಿಯಮಾಂತೊ" ವಜ್ರ, ಒಡೆದರೆ ದೇವರನ್ನು ಪ್ರೀತಿಸುವವನು. ಪದ ಕಟ್ಟಲು ಕಲಿತವರಿಗೆ ಒಂದು ತಿಂಗಳು ಕಂಡದ್ದನ್ನೆಲ್ಲ ಒಡೆಯುವ ಜ್ವರ ಇರುತ್ತದೆ, ಇದ್ದೇ ತೀರಬೇಕು.

ನಮಗೂ ಆ ಜ್ವರ ಪೂರ್ತಿ ಇಳಿದಿಲ್ಲ. ನಮ್ಮ ಊರಿನ ಹೆಸರನ್ನೇ ನೋಡಿ. ಕಾಸಾರ ಅಂದರೆ ಕೆರೆ, ಅದರಿಂದ ಕಾಸರಗೋಡು ಅನ್ನುವವರು ಒಂದು ಕಡೆ. ಕಾಸರಕದ ಮರ ಜಾಸ್ತಿ ಇದ್ದದ್ದರಿಂದ ಬಂತು ಅನ್ನುವವರು ಇನ್ನೊಂದು ಕಡೆ. ನನ್ನ ಭಾವ ಕೆರೆಯ ಪಕ್ಷ, ನಾನು ಮರದ ಪಕ್ಷ. ಕಳೆದ ದೀಪಾವಳಿಗೆ ಊಟಕ್ಕೆ ಕೂತಾಗ ಶುರುವಾದ ಮಾತು ಪಾಯಸ ಬರುವವರೆಗೂ ಮುಗಿಯಲಿಲ್ಲ.